ಬೆಳಗದ ಗಾಜಿನ ಕೊಳವೆ

ಸೂರತ್ತಿನ ಮಗಳ ಮನೆಯಲ್ಲಿ ಮೊನ್ನೆ ಸಂಜೆ ಮೊಮ್ಮಗಳು ಉಗುರಿನ ಗುಲಾಬಿ ಬಣ್ಣ ತೆಗೆಯುತ್ತ ಕೂತಿದ್ದಳು. ಹತ್ತಿಯನ್ನು ಸೀಸೆಗೆ ಒತ್ತಿದ ಕೂಡಲೇ ಅಸಿಟೋನಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ತಣ್ಣಗೆ ಮೂಗಿನೊಳಕ್ಕೆ ಏರುವ ಸಿಹಿ ವಾಸನೆ. ಓದುತ್ತಿದ್ದ ಪೇಪರನ್ನು ಕೆಳಗಿಟ್ಟೆ.

"ಅಜ್ಜಾ, ಸ್ಮೆಲ್ ಜಾಸ್ತಿ ಆಯ್ತಾ? ಖಿಡ್ಕಿ ಓಪನ್ ಮಾಡ್ಲಾ?"

"ಬೇಡ, ಇರಲಿ ಬಿಡು" ಎಂದೆ.

ಅರವತ್ತರ ದಶಕದಲ್ಲಿ, ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಅಹಮದಾಬಾದಿನ ಪ್ರಯೋಗಾಲಯವೊಂದಕ್ಕೆ ಸೇರಿದ ಹೊಸದರಲ್ಲಿ, ನನ್ನ ದಿನಗಳು ಈ ವಾಸನೆಯಲ್ಲೇ ಕಳೆದವು. ಅಲ್ಲಿ ನನಗೆ ಮೇಲಿನವರಾಗಿದ್ದವರು ಧಾರವಾಡದ ಕಡೆಯವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಅವರು ನನ್ನನ್ನು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು.

ನಮ್ಮ ವಿಭಾಗ ಎಂದರೆ ಒಂದು ಕೋಣೆ, ಸದಾ ಗುರುಗುಟ್ಟುವ ಪಂಪು, ಆಳುದ್ದದ ಒಂದು ಗಾಜಿನ ಕೊಳವೆ. ಸರ್ ಅವರ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ಹುಟ್ಟದ ಒಂದು ರಾಷ್ಟ್ರೀಯ ಸಂಸ್ಥೆಯ ಮೊದಲ ಕೋಣೆ. ಸೂರ್ಯನೊಳಗೆ ಪರಮಾಣುಗಳು ಬೆಸೆದುಕೊಂಡು ಶಕ್ತಿ ಹೊಮ್ಮುವ ಹಾಗೆ ಇಲ್ಲಿಯೂ ಆಗಬಹುದೆ? ಅಷ್ಟು ಕಾದ ಅನಿಲ, ಅಂದರೆ ಪ್ಲಾಸ್ಮಾ, ಹೇಗೆ ನಡೆದುಕೊಳ್ಳುತ್ತದೆ? ವಿದ್ಯುತ್ತಿನ ಮಾತು ಆಮೇಲೆ, ಮೊದಲು ಅದನ್ನು ಅರಿಯುವುದಕ್ಕೇ ದೇಶದಲ್ಲಿ ಒಂದು ಜಾಗ ಬೇಕು ಎಂಬುದು ಅವರ ಹಟ. ಊಟದ ಡಬ್ಬಿ ತೆರೆದಾಗಲೂ ಅದೇ ಮಾತು.

ಆ ಕೆಲಸಕ್ಕೆ ಮೊದಲು ಕೊಳವೆಯೊಳಗಿನ ಗಾಳಿಯನ್ನೆಲ್ಲ ತೆಗೆಯಬೇಕು. ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ನುಸುಳುತ್ತದೆ. ಗಾಜಿನ ಹತ್ತಿರ ವಿದ್ಯುತ್ ಕಿಡಿಯ ಕಾಯಿಲ್ ಹಿಡಿದರೆ ಒಳಗೆ ಉಳಿದ ಗಾಳಿಯಲ್ಲಿ ಗುಲಾಬಿ ಬೆಳಕು ಹಬ್ಬುತ್ತಿತ್ತು. ನಾನು ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಒಂದೊಂದೇ ಜೋಡಣೆಗೆ ಒತ್ತುತ್ತ ಹೋಗುತ್ತಿದ್ದೆ. ಅಸಿಟೋನು ಒಳಕ್ಕೆ ನುಸುಳಿ ಬೆಳಕಿನ ಬಣ್ಣ ಎಲ್ಲಿ ಬೂದಿಗೆ ತಿರುಗಿತೋ ಅಲ್ಲಿ ಸೋರಿಕೆ.

"ಏನೋ ಮೈಸೂರು, ಪೈಪಿಗೆ ಅತ್ತರ ಹಚ್ಚಲಿಕ್ಕತ್ತೀಯೇನು? ಮದಿವಿ ಅದರದೋ ನಿಂದೋ?" ಎಂದು ಹಿಂದಿನಿಂದ ಸರ್ ನಗುತ್ತಿದ್ದರು.

ಸೋರಿಕೆಗಳೆಲ್ಲ ಮುಚ್ಚಿದ ಮೇಲೆ ಗುಲಾಬಿ ಮಸುಕಾಗಿ, ನೀಲಿಯಾಗಿ, ಕೊನೆಗೆ ಏನೂ ಇರುತ್ತಿರಲಿಲ್ಲ. ಕಾಯಿಲ್ ಹಿಡಿದರೂ ಕತ್ತಲು. ನಮಗೆ ಆ ಕತ್ತಲೇ ಗೆಲುವು. ಬೆಳಗಲು ಒಳಗೆ ಗಾಳಿಯೇ ಉಳಿದಿಲ್ಲ ಎಂದು ಅರ್ಥ.

ಆಗ ನಮ್ಮ ಕೆಲಸ ಪರಿಶೀಲಿಸಲು ಸಮಿತಿಯೊಂದು ಬಂತು. ಮುಂದೆ ಬೇಕಾಗಿದ್ದ ದೊಡ್ಡ ಅಯಸ್ಕಾಂತಕ್ಕೆ ಅನುದಾನ ಸಿಗುವುದೋ ಇಲ್ಲವೋ, ವಿಭಾಗ ಉಳಿಯುವುದೋ ಇಲ್ಲವೋ, ಎಲ್ಲ ಅವರ ಕೈಯಲ್ಲಿತ್ತು. ಅಂದು ಬೆಳಿಗ್ಗೆ ಕೊಳವೆ ಎಂದಿಗಿಂತ ಚೆನ್ನಾಗಿ ಕತ್ತಲಾಗಿತ್ತು. ನನ್ನ ಜೊತೆಗಿದ್ದ ಗುಜರಾತಿ ಗೆಳೆಯನಿಗೆ ಅದೇ ಚಿಂತೆ. "ಸರ್, ಥೋಡೀ ಹವಾ ಛೋಡ್ ದೇತೇ ಹೈ" ಎಂದ. ಒಂದಿಷ್ಟು ಗಾಳಿ ಬಿಟ್ಟರೆ ಗುಲಾಬಿ ಬೆಳಕು ಬರುತ್ತದೆ, ಬಂದವರಿಗೆ ಕಣ್ಣಿಗೆ ಏನಾದರೂ ಕಾಣುತ್ತದೆ. ನನಗೂ ಸರಿ ಎನಿಸಿತ್ತು.

ಸರ್ ಅವನಿಗೆ ತಲೆಯಾಡಿಸಿ ಬೇಡ ಎಂದು, ನನ್ನ ಕಡೆ ತಿರುಗಿದರು. "ಅದು ಸೋರಿಕಿ ಬೆಳಕೋ ತಮ್ಮಾ. ಸೋರಿಕಿ ತೋರ್ಸಿ ಸಂಸ್ಥಾ ಕೇಳೂದೇನು?"

ಬಂದವರು ಕತ್ತಲ ಗಾಜನ್ನು ನೋಡಿದರು. ಅವರಲ್ಲೊಬ್ಬರು ಕೆಟ್ಟಿದೆಯೇ ಎಂದು ಕೇಳಿದರು. ಸರ್ ಕತ್ತಲಿನ ಅರ್ಥವನ್ನು ಇಂಗ್ಲಿಷಿನಲ್ಲಿ, ಮಕ್ಕಳಿಗೆ ಹೇಳುವಷ್ಟು ಉತ್ಸಾಹದಿಂದ ವಿವರಿಸಿದರು. ಇದರಿಂದ ವಿದ್ಯುತ್ತು ಯಾವಾಗ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ.

"ಗೊತ್ತಿಲ್ಲ" ಎಂದರು ಸರ್. "ನನ್ನ ಕಾಲಕ್ಕಂತೂ ಅಲ್ಲ."

ನೆನಪನ್ನು ಪುರಾವೆ ಎಂದು ಒಪ್ಪುವವನಲ್ಲ ನಾನು. ಎರಡನೆಯ ವಾಕ್ಯ ಅವರು ಆಡಿದ್ದೋ, ಆಮೇಲೆ ನಾನೇ ಸೇರಿಸಿದ್ದೋ... ಆ ಗೆಳೆಯನನ್ನು ಕೇಳಿದರೆ ಅಂದು ಕೊಳವೆ ಬೆಳಗಿತ್ತು ಎಂದೇ ಸಾಧಿಸುತ್ತಿದ್ದ. ಅವನು ಹಾಗೆ ನಂಬಲು ಕಾರಣವಿರಬಹುದು. ನಾನು ಹೀಗೆ ನಂಬಲೂ ಇರಬಹುದು. ವಿಭಾಗ ಮುಚ್ಚಿದ್ದು ಮಾತ್ರ ಖಂಡಿತ. ಗಾಜನ್ನು ಬಿಚ್ಚಿ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆವು. ಸರ್ ಪ್ರತಿ ತುಂಡನ್ನೂ ಒರೆಸಿ ಕೊಟ್ಟರು. ಮತ್ತೆ ಜೋಡಿಸುವುದು ಇದೆಯೇನೋ ಎಂಬ ಹಾಗೆ.

ನಾನು ಬೇರೆ ವಿಭಾಗಕ್ಕೆ ಹೋದೆ. ಅವರು ಬರೋಡಾಕ್ಕೆ ಹೋಗಿ, ಅಲ್ಲಿನ ಗೋರ್ವಾ ಬಡಾವಣೆಯ ಟ್ಯೂಬ್‌ಲೈಟ್ ಕಾರ್ಖಾನೆಯೊಂದರಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದರು. ಒಮ್ಮೆ ರೈಲು ಹತ್ತಿ ನೋಡಲು ಹೋದೆ. ಉದ್ದನೆಯ ಷೆಡ್ಡಿನಲ್ಲಿ ಸಾಲುಸಾಲಾಗಿ ಕೊಳವೆಗಳು ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಅವರ ಮುಖ ಸುಣ್ಣ ಬಳಿದಂತೆ ಬಿಳಿಚಿತ್ತು. ಉರಿಯದ ಒಂದನ್ನು ಸಾಲಿನಿಂದ ತೆಗೆದು ಬುಟ್ಟಿಗಿಟ್ಟರು.

"ನೋಡೋ ಮೈಸೂರು, ಇಲ್ಲಿ ಕತ್ತಲಿದ್ದದ್ದು ರಿಜೆಕ್ಟು" ಎಂದರು. ನಕ್ಕರು. ನನಗೆ ನಗಲು ಆಗಲಿಲ್ಲ.

"ಸರ್, ಅಂದು ಸ್ವಲ್ಪ ಗಾಳಿ ಬಿಟ್ಟಿದ್ದರೆ..." ಎಂದೆ.

ಅವರು ಬುಟ್ಟಿಯನ್ನು ಗೋಡೆಯ ಕಡೆ ಸರಿಸಿದರು. "ಚಹಾ ಕುಡೀತಿಯೇನು?" ಎಂದಷ್ಟೇ ಕೇಳಿದರು.

ಆ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಮನೆಯವರು ಸಾಮಾನು ಕಟ್ಟಿಕೊಂಡು ಧಾರವಾಡಕ್ಕೆ ಹೊರಟುಹೋಗಿದ್ದರು. ಎಷ್ಟೋ ವರ್ಷಗಳ ಮೇಲೆ ಸರ್ ಕೇಳಿದ್ದಂಥ ಸಂಸ್ಥೆಯೂ ಬಂತು. ತಿಳಿಯುವುದೇ ಮೊದಲ ಕೆಲಸ ಎಂದು ಅಲ್ಲಿಯವರು ಹೇಳುವುದನ್ನು ಒಂದು ಸಭೆಯಲ್ಲಿ ಕೂತು ಕೇಳಿದೆ. ಪಕ್ಕದ ಕುರ್ಚಿ ಖಾಲಿಯಿತ್ತು. ಎದ್ದು ಬಂದೆ.

ಮೊಮ್ಮಗಳು ಸೀಸೆ ಮುಚ್ಚಿ ಒಳಗೆ ಹೋದಳು. ಮೇಜಿನ ಮೇಲೆ ಹತ್ತಿ ಬಿಟ್ಟುಹೋಗಿದ್ದಳು. ಎತ್ತಿ ಮೂಗಿಗೆ ಹಿಡಿದೆ. ಆಗಲೇ ಆರಿತ್ತು, ವಾಸನೆ ಇರಲಿಲ್ಲ. ಗುಲಾಬಿ ಬಣ್ಣವಷ್ಟೇ ಉಳಿದಿತ್ತು.