ಬಿಸಿಲಿಗಿಟ್ಟ ಸೆಲ್ಲು

ನನ್ನ ಕಿವಿಗಳ ಬಗ್ಗೆ ನನಗೆ ಭಾರೀ ಜಂಬವಿತ್ತು. ಹೊನ್ನಾವರದಿಂದ ಭಟ್ಕಳದ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನಾನು ಊಟದ ಡಬ್ಬಿ ಮರೆತೇನು, ಹಾಡು ಕೇಳುವ ಯಂತ್ರ ಮರೆಯುವವಳಲ್ಲ. ಯಂತ್ರವೂ ಒಂದಲ್ಲ. ಹಳೆಯ ಎಂಪಿತ್ರೀ ಪ್ಲೇಯರು, ಫೋನು, ಮತ್ತೆ ಭಟ್ಕಳ ಪೇಟೆಯ ದುಬೈ ಮಾಲಿನ ಅಂಗಡಿಯಲ್ಲಿ ಕೊಂಡ ಹೊಸ ಪ್ಲೇಯರು. ಈ ಕೊನೆಯದು ಇಟ್ಟಿಗೆಯಷ್ಟು ಭಾರ, ಹಾಡುವುದು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದು. ಒಂದೇ ಹಾಡನ್ನು ಮೂರರಲ್ಲೂ ಹಾಕಿ ತೂಗಿ ನೋಡುವುದು ನನ್ನ ಚಟ. ಗಡಗಡ ಎನ್ನುವ ಕಿಟಕಿ, ಕಂಡಕ್ಟರನ ಸೀಟಿ, ಹೆದ್ದಾರಿಯ ಹೊಂಡ, ಇಷ್ಟರ ನಡುವೆ ಕೂತು ‘ಇದರಲ್ಲಿ ತಬಲಾ ಸ್ವಲ್ಪ ಎಡಕ್ಕೆ ಕೇಳುತ್ತದೆ’ ಎಂದು ತೀರ್ಪು ಕೊಡುವವಳನ್ನು ಪಕ್ಕದ ಸೀಟಿನವರು ಹೇಗೆ ಸಹಿಸಿದರೋ!

“ಯಂತ್ರ ಮೂರಾದ್ರೂ ಕಿವಿ ಅವೇ ಎರಡಲ್ವಾ?” ಎಂದು ಗಂಡ ಕುಟುಕುತ್ತಿದ್ದರು. ಮಿಕ್ಸಿ ಓಡುತ್ತಿರುವಾಗಲೇ ವಾರ್ತೆ ಕೇಳುವ ಮನುಷ್ಯ. ಅಂಥವರ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಆದರೆ ಈ ಮೂರನ್ನೂ ಸೋಲಿಸುವ ನಾಲ್ಕನೆಯದೊಂದಿದೆ ಎಂದು ಕಂಡಕಂಡವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಅದು ಧಾರೇಶ್ವರದಲ್ಲಿ ಅಣ್ಣನ ಸಂಸಾರದೊಂದಿಗಿರುವ ನನ್ನ ಆಯಿಯ, ಅಂದರೆ ಅಮ್ಮನ, ವಾಕ್‌ಮನ್. ಅದಕ್ಕಿದ್ದದ್ದು ಒಂದೇ ಭಜನೆ ಕ್ಯಾಸೆಟ್ಟು. ಹಾಡುವವಳ ದನಿ ಬಾವಿಯ ತಳದಿಂದ ಬಂದಂತೆ ಗಂಭೀರ, ಒಂದೊಂದು ಅಕ್ಷರಕ್ಕೂ ಬೇಕಾದಷ್ಟು ಪುರಸೊತ್ತು. ‘ಕ್ಯಾಸೆಟ್ಟಿನ ಆಳ ಡಿಜಿಟಲ್ಲಿಗೆ ಎಲ್ಲಿಂದ ಬರಬೇಕು?’ ಎಂದು ಊಟದ ಹೊತ್ತಿಗೆ ಆಫೀಸಿನವರ ತಲೆ ತಿನ್ನುತ್ತಿದ್ದೆ. ಪಾಪ, ಬಾಯಲ್ಲಿ ಅನ್ನವಿದ್ದದ್ದರಿಂದ ಹೂಂಗುಟ್ಟುತ್ತಿದ್ದರು.

ಸೆಲ್ಲಿನ ವಿಷಯದಲ್ಲಿ ಆಯಿಯಷ್ಟು ಜಿಪುಣರನ್ನು ನಾನು ನೋಡಿಲ್ಲ. ಹೊಸ ಸೆಲ್ಲು ಮೊದಲು ಟಾರ್ಚಿಗೆ. ಟಾರ್ಚು ಮಿಣಮಿಣ ಎನ್ನತೊಡಗಿದ ಮೇಲೆ ಅವೇ ಸೆಲ್ಲು ವಾಕ್‌ಮನ್ನಿಗೆ. ಅಲ್ಲಿಯೂ ಸುಸ್ತಾದರೆ ಅಂಗಳದಲ್ಲಿ ಸಾರಿನ ಹುಳಿಗೆಂದು ಮುರುಗಲು ಸಿಪ್ಪೆ ಒಣಗಿಸುವ ಚಾಪೆಯ ಮೂಲೆಗೆ, ಬಿಸಿಲಿಗೆ. ಸಂಜೆ ಸಿಪ್ಪೆ ಡಬ್ಬಿಗೆ, ಸೆಲ್ಲು ಮತ್ತೆ ವಾಕ್‌ಮನ್ನಿಗೆ. “ಬಿಸಿಲು ಕುಡದ್ರೆ ಜೀವ ಬರ್ತದೆ” ಎನ್ನುವುದು ಆಯಿಯ ವಿಜ್ಞಾನ. ಎಂಎಸ್ಸಿ ಓದಿದ ನಾನೂ ಎಂದೂ ಎದುರಾಡಿದವಳಲ್ಲ.

ಆ ಕ್ಯಾಸೆಟ್ಟು ಕೇಳಿ ಕಲಿತ ಹಾಡಿನಿಂದಲೇ ಆಯಿ ಕೇರಿಯ ಭಜನಾ ಮಂಡಳಿಯಲ್ಲಿ ಮುಂದೆ ಕೂರುವವಳಾದದ್ದು. ಆಯಿ ಒಂದು ಸಾಲು ಹೇಳಬೇಕು, ಉಳಿದ ಹೆಂಗಸರು ಅದನ್ನೇ ಹೇಳಬೇಕು. ತಗ್ಗಿದ ದನಿ, ಎತ್ತಿನ ಗಾಡಿಯ ನಡೆ. ಆ ಒಂದು ಹಾಡು ಮುಗಿಯುವಷ್ಟರಲ್ಲಿ ಪ್ರಸಾದದ ಅವಲಕ್ಕಿ ಮೆತ್ತಗಾಗುತ್ತಿತ್ತು. ಆದರೂ “ಎಂತ ಗಾಂಭೀರ್ಯ!” ಎಂದು ಎಲ್ಲರೂ ತಲೆದೂಗುತ್ತಿದ್ದರು. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ಆಯಿಯ ಮಾತಿಗೆ ಅಲ್ಲಿ ಅಷ್ಟೊಂದು ಹೆಂಗಸರು ಕಾಯುತ್ತಿದ್ದರು. ಆ ಜಾಗವೆಂದರೆ ಆಯಿಗೆ ಜೀವ.

ಈ ವರ್ಷ ಕುಮಟೆಯಿಂದ ಬಂದು ಮನೆ ಮಾಡಿದ, ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರು ಮಂಡಳಿಗೆ ಸೇರಿದರು. ಶಾಲೆ ಬಿಟ್ಟರೂ ತಪ್ಪು ತಿದ್ದುವ ಚಾಳಿ ಬಿಡದವರು. “ಅಕ್ಕಾ, ಬೇಜಾರು ಮಾಡ್ಕೊಬೇಡಿ. ಆ ಹಾಡು ಇಷ್ಟು ನಿಧಾನ ಅಲ್ಲ, ಇಷ್ಟು ಕೆಳಗೂ ಅಲ್ಲ. ನೀವು ಕಲ್ತದ್ದೇ ತಪ್ಪು” ಎಂದು ಎಲ್ಲರೆದುರು ಹೇಳಿದರಂತೆ.

ಆ ಸಂಜೆಯೇ ನನಗೆ ಫೋನು. “ಶನಿವಾರ ನಿನ್ನ ಆ ದುಬಾರಿ ಪೆಟ್ಟಿಗೆ ತಕಂಡು ಬಾ. ಹಾಡು ಅದ್ರಲ್ಲೂ ಹಾಕು, ವಾಕ್‌ಮನ್ನಿನಲ್ಲೂ ಹಾಕು. ಎಲ್ಲರೂ ಕೇಳ್ಲಿ. ನಂದು ತಪ್ಪಾದ್ರೆ ಇನ್ನು ಅವ್ರೇ ಹೇಳ್ಕೊಡ್ಲಿ, ನಾನು ಹಿಂದೆ ಕೂತ್ಕಳ್ತೇನೆ.”

“ಆತು” ಎಂದೆ. ನನಗೆ ಖುಷಿಯೋ ಖುಷಿ. ನನ್ನ ಚಟದಿಂದ ಊರಿಗೆ ಕೊನೆಗೂ ಒಂದು ಉಪಯೋಗವಾಗುವುದಿತ್ತು.

ಕ್ಯಾಸೆಟ್ಟಿನಲ್ಲಿ ಹಾಡಿದವಳದೇ ಆ ಹಾಡನ್ನು ಹುಡುಕಿ ಹೊಸ ಪ್ಲೇಯರಿಗೆ ಇಳಿಸಿಕೊಂಡೆ. ವಾಕ್‌ಮನ್ನಿನ ಮರ್ಯಾದೆ ಉಳಿಯಲೆಂದು ಭಟ್ಕಳದಲ್ಲಿ ಹೊಸ ಸೆಲ್ಲು ಕೊಂಡೆ. ಶನಿವಾರ ಮಧ್ಯಾಹ್ನ ಆಯಿ ಒಳಗೆ ಅವಲಕ್ಕಿ ಕಲಸುತ್ತಿದ್ದಾಗ ಜಗಲಿಯಲ್ಲಿ ಕೂತು ಮೊದಲು ನಾನೇ ಕೇಳಿ ನೋಡಿದೆ. ಹೊಸ ಪ್ಲೇಯರಿನಲ್ಲಿ ಹಾಡು ಚುರುಕು, ದನಿ ಎತ್ತರ, ಸಪೂರ. ಡಿಜಿಟಲ್ಲು ಹಾಡನ್ನು ಕೊಂದೇಬಿಟ್ಟಿತಲ್ಲ ಎಂದು ಮೂಗು ಮುರಿದೆ. ವಾಕ್‌ಮನ್ನಿಗೆ ಹೊಸ ಸೆಲ್ಲು ಹಾಕಿ ಒತ್ತಿದೆ. ಅಲ್ಲಿಯೂ ಅದೇ ಚುರುಕು, ಅದೇ ಸಪೂರ ದನಿ! ಹೊಸದನ್ನು ತೆಗೆದು, ಆಯಿಯ ಬಿಸಿಲು ಕುಡಿದ ಸೆಲ್ಲು ಹಾಕಿದೆ. ಹಾಡುವವಳು ಒಮ್ಮೆಲೇ ಬಾವಿಗೆ ಇಳಿದಳು.

ಥೂ ನನ್ನ ಕಿವಿಗಿಷ್ಟು! ಇಷ್ಟು ವರ್ಷ ಆಳ ಆಳ ಎಂದು ನಾನು ಹೊಗಳಿದ್ದು ಸತ್ತ ಸೆಲ್ಲನ್ನು. ಗಾಂಭೀರ್ಯವಂತೆ, ಮಣ್ಣಂತೆ! ತಿರುಗಲಿಕ್ಕೆ ತ್ರಾಣವಿಲ್ಲದೆ ಕ್ಯಾಸೆಟ್ಟು ತೆವಳುತ್ತಿತ್ತು, ಅದರ ಹಿಂದೆ ಆಯಿ, ಆಯಿಯ ಹಿಂದೆ ಇಡೀ ಮಂಡಳಿ. ನಗು ಉಕ್ಕಿ ಬಂತು. ಆಮೇಲೆ ಸಂಜೆಯ ನೆನಪಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಅಕ್ಕೋರೆದುರು ಆಯಿಯ ಮಾನ ಹರಾಜು. ಹಳೆ ಸೆಲ್ಲನ್ನೇ ಒಳಗೆ ಬಿಟ್ಟು, ಹೊಸ ಪ್ಲೇಯರು ಕೆಟ್ಟಿದೆ ಎಂದುಬಿಡಲೇ ಎಂದು ಯೋಚಿಸಿದೆ.

“ಎಂತ ಆತೇ? ಮುಖ ಎಂತಕ್ಕೆ ಹಾಂಗೆ ಮಾಡ್ಕಂಡಿದ್ದೀ?” ಆಯಿ ಬಾಗಿಲಲ್ಲಿ ನಿಂತಿದ್ದಳು.

ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದಲ್ಲ, ಆಯಿಯ ಎದುರು ಬರುವುದಿಲ್ಲ. ಹೊಸ ಸೆಲ್ಲು ಹಾಕಿ ಹೆಡ್‌ಫೋನನ್ನು ಅವಳ ಕಿವಿಗಿಟ್ಟೆ. ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ಗಂಟು ಸಡಿಲಾಯಿತು. ಹಾಡು ಮುಗಿಯುವ ತನಕ ಅಲ್ಲಾಡಲಿಲ್ಲ.

“ಇವ್ಳು ನನ್ನ ಹಾಂಗೇ ಹಾಡ್ತಾಳಲ್ಲೇ” ಎಂದಳು.

“ನೀನೆಲ್ಲಿ ಹೀಗೆ ಹಾಡ್ತೀಯ ಆಯಿ?”

“ಈಗ ಅಲ್ಲ ಮಾರಾಯ್ತಿ. ಮದುವೆಯಾಗಿ ಈ ಮನೆಗೆ ಬಂದಾಗ. ದನಿ ಹೀಂಗೇ ಇತ್ತು, ಮೇಲೆ. ಅಂಗಳದ ಪಾಗಾರದ ಆಚೆಗೂ ಕೇಳ್ತದೆ, ತಗ್ಗಿಸು ಅಂತ ನಿನ್ನ ಅಜ್ಜಿ ದಿನಾ ಬೈಯೂದು. ಆಮೇಲೆ ಈ ಕ್ಯಾಸೆಟ್ಟು ಬಂತು. ಇವ್ಳೂ ಕೆಳಗೇ ಹಾಡ್ತಾಳೆ, ಹಾಂಗಾದ್ರೆ ಅತ್ತೆ ಹೇಳಿದ್ದೇ ಸರಿ ಅಂತ ನಾನೂ ತಗ್ಗಿಸಿಬಿಟ್ಟೆ.”

ನನಗೆ ಕೆಟ್ಟ ಸಿಟ್ಟು ಬಂತು, ಸತ್ತುಹೋದ ಅಜ್ಜಿಯ ಮೇಲೆ, ಸತ್ತ ಸೆಲ್ಲಿನ ಮೇಲೆ. ಆಯಿಗೆ ಸಿಟ್ಟಿಗೆ ಪುರಸೊತ್ತಿರಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಹೆಡ್‌ಫೋನು ಹಾಕಿಕೊಂಡೇ ದನಿ ಎತ್ತಿದಳು. ಕಿವಿ ಮುಚ್ಚಿದ್ದರಿಂದ ತಾನೆಷ್ಟು ಜೋರಾಗಿ ಹಾಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ದನಿ ಹತ್ತಿತು, ಒಡೆಯಿತು, ಮತ್ತೆ ಹತ್ತಿತು. ಮಾಡಿನ ಮೇಲಿದ್ದ ಕಾಗೆ ಹಾರಿಹೋಯಿತು.

“ಹೆಂಗಿತ್ತೇ?”

ತಬಲಾ ಚೂರು ಎಡಕ್ಕೆ ಕೇಳಿದರೂ ಬಿಡದ ನಾನು “ಚೊಲೋ ಇತ್ತು ಆಯಿ” ಎಂದೆ. ನಿಜವಾಗಿಯೂ ಚೊಲೋ ಇತ್ತು.

ಸಂಜೆ ಮಂಡಳಿಯಲ್ಲಿ ಆಯಿ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. “ಅಕ್ಕೋರು ಹೇಳಿದ್ದೇ ಸರಿ. ನನ್ನ ಸೆಲ್ಲು ಹೋಗಿತ್ತು” ಎಂದವಳೇ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತಳು. ನನ್ನ ದುಬಾರಿ ಪೆಟ್ಟಿಗೆಯನ್ನು ಯಾರೂ ಕೇಳಲೇ ಇಲ್ಲ. ಅಕ್ಕೋರು ಗೆದ್ದ ಮುಖ ಮಾಡಲೂ ಮರೆತು, ತಡವರಿಸುತ್ತ ಹಾಡು ಶುರು ಮಾಡಿದರು. ಹೆಂಗಸರೆಲ್ಲ ಹಳೆಯ ಅಭ್ಯಾಸದಲ್ಲಿ ಕೆಳಗೇ ಉಳಿದು ಹಿಂದೆ ಬಿದ್ದರು. ಅಕ್ಕೋರ ಜೊತೆ ಮೇಲೆ ಹತ್ತಿದ್ದು ಹಿಂದಿನ ಸಾಲಿನ ಒಂದೇ ದನಿ. ನಡುನಡುವೆ ಒಡೆಯುತ್ತಿತ್ತು. ಎಲ್ಲರೂ ತಿರುಗಿ ನೋಡಿದರು, ಪಾಗಾರದ ಆಚೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನೋಡಿದರು. ಆಯಿ ನಿಲ್ಲಿಸಲಿಲ್ಲ.

ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯ ತನಕ ಬಂದಳು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಸರಳು ಹಿಡಿದು ಹೇಳಿದಳು:

“ಮುಂದಿನ ವಾರ ಬರೂವಾಗ ಸೆಲ್ಲು ತಕಂಡು ಬಾ. ಹೊಸದು. ಟಾರ್ಚಿಗಲ್ಲ.”