ಕಣ್ಣಿಗೆ ಬಾಣ ಬಿದ್ದ ಚಕ್ರವರ್ತಿ

ಗಲ್ಫಿನ ಅಲ್ ಮನ್ಸೂರಾದಲ್ಲಿ ನನ್ನ ಬಟ್ಟೆ ಹೊಲಿಯುತ್ತಿದ್ದ ಟೈಲರ್ ಉಪ್ಪಿನಂಗಡಿ ಕಡೆಯವರು. ಗುಂಡಿ ಹೊಲಿಯುವ ಕೆಲಸವನ್ನೆಲ್ಲ ಮಧ್ಯಾಹ್ನಕ್ಕೆ ಎತ್ತಿಡುತ್ತಿದ್ದರು. ಆಗ ಶಟರ್ ಅರ್ಧ ಇಳಿಸಿ, ಮಿಷನ್ನಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಹಿಂದಿಗೆ ಡಬ್ ಆದ ಸೀರಿಯಲ್ ನೋಡಬಹುದಿತ್ತು. ಮೊದಲು ಕೊರಿಯಾದ್ದು, ಆಮೇಲೆ ಅದೇ ರಾಜರ ಕಥೆಯ ಚೀನಾದ್ದು.

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದ ನನ್ನನ್ನು ಕೂರಿಸಿ ಒಮ್ಮೆ ಹೇಳಿದರು: "ನೋಡಿ ಸಾರ್, ಕೊರಿಯಾದವರದ್ದರಲ್ಲಿ ಈ ಚೀನಾ ಚಕ್ರವರ್ತಿ ಕೋಟೆಗೆ ಮುತ್ತಿಗೆ ಹಾಕ್ಲಿಕ್ಕೆ ಬಂದು, ಕಣ್ಣಿಗೆ ಬಾಣ ಬಿದ್ದು ಓಡ್ತಾನೆ. ಚೀನಾದವರದ್ದರಲ್ಲಿ ಅವನಿಗೆ ಎರಡೂ ಕಣ್ಣು ಸರಿ ಉಂಟು, ಭಾರೀ ಒಳ್ಳೆ ರಾಜ. ಅದಕ್ಕೇ ನಾನು ಹೇಳುವುದು, ಆಚೆಯವರದ್ದೂ ಕೇಳಬೇಕು."

ಹಾಗೆನ್ನುವಾಗ ಸೂಜಿ ಎತ್ತಿ ಹಿಡಿಯುತ್ತಿದ್ದರು. ಗಿರಾಕಿ ಮ್ಯಾನೇಜರನ್ನು ಬೈದರೂ, ರೂಮ್‌ಮೇಟನ್ನು ಬೈದರೂ ಅದೇ ಮಾತು, ಅದೇ ಸೂಜಿ.

ಅವರ ಅಣ್ಣನದೂ ಟೈಲರ್ ಅಂಗಡಿ, ರಸ್ತೆಯ ಎದುರು ಸಾಲಿನಲ್ಲೇ. ಹಿಂದೆ ಇಬ್ಬರೂ ಒಂದೇ ಅಂಗಡಿಯಲ್ಲಿದ್ದವರು, ಈಗ ಮಾತಿಲ್ಲ. ಒಂದು ಈದ್‌ಗೆ, ನಾನು ಅಂಗಡಿಯಲ್ಲಿದ್ದಾಗಲೇ, ಅಣ್ಣ ತಾವೇ ಬಿರಿಯಾನಿ ಡಬ್ಬ ಹಿಡಿದು ಬಾಗಿಲಿಗೆ ಬಂದರು. ಇವರು ತಲೆ ಎತ್ತಲಿಲ್ಲ. ಅಣ್ಣ ಸ್ವಲ್ಪ ಹೊತ್ತು ನಿಂತು, ಡಬ್ಬ ಸಮೇತ ರಸ್ತೆ ದಾಟಿ ಹೋದರು.

"ಆಚೆಯವರದ್ದೂ ಕೇಳಬಹುದಿತ್ತಲ್ಲ?" ಎಂದೆ.

ಅವರು ಮೊಬೈಲನ್ನು ಕವುಚಿ ಹಾಕಿದರು. ದಾರವನ್ನು ಹಲ್ಲಿನಿಂದ ಕಡಿದರು.

"ಇದು ಸೀರಿಯಲ್ ಅಲ್ಲ ಮಾರಾಯ್ರೆ, ನಡೆದದ್ದು."