ಬಂದ ದಿನ, ಹೋದ ದಿನ

ನನ್ನ ಅಳಿಯ ಗಲ್ಫ್‌ನಲ್ಲಿ ವಿಮಾನ ರಿಪೇರಿಯ ಕಾಂಟ್ರ್ಯಾಕ್ಟ್ ಕೆಲಸ ಮಾಡುತ್ತಾನೆ. ಓಝರ್‌ನಲ್ಲಿ ವಿಮಾನ ಕಾರ್ಖಾನೆಯ ಅಪ್ರೆಂಟಿಸ್ ಆಗಿ ಕೈ ಪಳಗಿಸಿಕೊಂಡವನು. ಗಲ್ಫ್‌ನಲ್ಲಿ ತಿಂಗಳ ಸಂಬಳವಿಲ್ಲ, ಡೇ ರೇಟ್. ಕೆಲಸವಿದ್ದ ದಿನ ಹಣ, ಇಲ್ಲದ ದಿನ ಸೊನ್ನೆ. ಆದರೆ ಟ್ಯಾಕ್ಸ್ ಇಲ್ಲ, ದುಡಿದದ್ದೆಲ್ಲ ಟೇಕ್-ಹೋಮ್. ಒಂದೇ ಷರತ್ತು: ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಅವನು ಭಾರತದಲ್ಲಿ ನೂರಾ ಎಂಬತ್ತೆರಡು ದಿನ ತುಂಬಿಸಬಾರದು. ತುಂಬಿಸಿದರೆ ಅಲ್ಲಿ ದುಡಿದದ್ದಕ್ಕೂ ಇಲ್ಲಿ ತೆರಿಗೆ.

ಆ ದಿನಗಳನ್ನು ಎಣಿಸುವ ಕೆಲಸ ನನ್ನದು. ನಾಸಿಕ್‌ನ ನಮ್ಮ ಮನೆಗೆ ಯಾವ ಇಂಗ್ಲಿಷ್ ಕಾಗದ ಬಂದರೂ ಅದು ನೇರ ನನ್ನ ಕೈಗೆ. ಧಾರವಾಡದ ಕಾನ್ವೆಂಟಿನಲ್ಲಿ ಕಲಿತವಳು, ಫೈನ್ ಪ್ರಿಂಟ್ ಬಿಡದವಳು ಎಂಬ ಜಂಬ ಈ ವಯಸ್ಸಿನಲ್ಲೂ ಇತ್ತು. "ಮಮ್ಮಿ ಅಂದ್ರ ನಮ್ಮನಿ ಲೀಗಲ್ ಡಿಪಾರ್ಟ್‌ಮೆಂಟ್," ಎಂದು ಮಗಳು ಚುಡಾಯಿಸಿದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಆ ವರ್ಷ ಹಳೆಯ ಕಾಂಟ್ರ್ಯಾಕ್ಟ್ ಮುಗಿದು ಹೊಸದು ತಡವಾಯಿತು. ಅಳಿಯ ಮೂರು ಸಲ ಬಂದ, ಮೂರು ಸಲವೂ ಹೆಚ್ಚೇ ನಿಂತ. ಮೂರನೆಯ ಸಲ ಬಂದದ್ದು ಸಂಭಾಜಿನಗರದಲ್ಲಿ ಅವನ ತಾಯಿ ಆಸ್ಪತ್ರೆ ಸೇರಿದರೆಂದು.

ನನ್ನ ಬೀಗತಿ ವಿಜಯಪುರದ ಕಡೆಯವರು. ಹರೆಯದಲ್ಲೇ ಗಂಡನ ಜೊತೆ ಸಂಭಾಜಿನಗರಕ್ಕೆ ಬಂದು, ಆ ಊರಿನ ಎಷ್ಟೋ ಕಟ್ಟಡಗಳಿಗೆ ತಲೆಯ ಮೇಲೆ ಇಟ್ಟಂಗಿ ಹೊತ್ತವರು. ಕಟ್ಟುವ ತನಕ ಕಟ್ಟಡದ ಪಕ್ಕದ ತಗಡಿನ ಶೆಡ್ಡು, ಕಟ್ಟಿದ ಮೇಲೆ ಮುಂದಿನ ಸೈಟಿನ ಶೆಡ್ಡು. ಮಗನ ದುಡಿಮೆಯಲ್ಲಿ ಅವರ ಹೆಸರಿಗೆ ಎರಡು ಕೋಣೆಯ ಫ್ಲ್ಯಾಟ್ ಬುಕ್ ಆಗಿತ್ತು. ಕೊನೆಯ ಕಂತು ಬಾಕಿ. ತೆರಿಗೆ ಬಿದ್ದರೆ ಆ ಕಂತಿನ ಹಣವೇ ಹೋಗುತ್ತಿತ್ತು. ಇದು ಅವರಿಗೂ ಗೊತ್ತಿತ್ತು.

ಮಾರ್ಚ್‌ನ ಒಂದು ಮಧ್ಯಾಹ್ನ ವಾರ್ಡಿನಲ್ಲಿ ಅವರು ಬೆರಳ ಗೆಣ್ಣು ಎಣಿಸುತ್ತ ಕೇಳಿದರು, "ಬೀಗ್ತೇರ, ಅಂವಾ ಊರಿಗಿ ಇಳಿದ ದಿನಾನೂ ಹಿಡದೀರೇನ್ರಿ?"

"ಹೋದ ತಾರೀಖಿನ್ಯಾಗ ಬಂದ ತಾರೀಖು ಕಳದ್ರ ಆತಲ್ರಿ. ಸಿಂಪಲ್."

"ನಮ್ಮ ಮುಕಾದಮ ಪಗಾರ ಕೊಡೂಮುಂದ ಬಂದ ದಿನಾ ಹಿಡೀತಿರಲಿಲ್ಲ. ಶೆಡ್ಡಿನ ಬಾಡಿಗಿ ಮುರಕೊಳ್ಳೂಮುಂದ ಬಂದ ದಿನಾ, ಹೋದ ದಿನಾ ಎರಡೂ ಹಿಡೀತಿದ್ದ, ಹಾಟ್ಯಾ. ಸರಕಾರ ಅವನಕಿಂತ ಶಾಣ್ಯಾ ಇರತೈತ್ರಿ."

"ಇದು ಇನ್‌ಕಮ್ ಟ್ಯಾಕ್ಸ್ ರೀ, ಮುಕಾದಮನ ಲೆಕ್ಕ ಅಲ್ಲ," ಎಂದು ನಾನು ನಕ್ಕೆ. ಪಕ್ಕದ ಹಾಸಿಗೆಯವರೂ ನಕ್ಕರು. ಬೀಗತಿಯೂ ನಕ್ಕು ಕೆಮ್ಮಿದರು.

ನನ್ನ ಲೆಕ್ಕಕ್ಕೆ ಮರುದಿನ ನೂರಾ ಎಂಬತ್ತು ಆಗುತ್ತಿತ್ತು. ಸೇಫ್ ಸೈಡ್‌ಗೆ ಒಂದು ದಿನ ಉಳಿಸಿ ಆ ಮರುದಿನಕ್ಕೇ ಟಿಕೆಟ್ ಮಾಡಿಸಿದ್ದೆ. ಹೊಸ ಕೆಲಸ ಶುರುವಾಗುವುದು ಏಪ್ರಿಲ್‌ನಲ್ಲಿ; ಅಲ್ಲಿಯವರೆಗೆ ಅವನು ಅಲ್ಲಿ ಬಾಡಿಗೆಯ ಮಂಚದ ಮೇಲೆ ಸುಮ್ಮನೆ ಕೂರಬೇಕು, ಬರೀ ಇಲ್ಲಿ ಇರದಿರುವುದಕ್ಕಾಗಿ. ಡಾಕ್ಟರು ಏನೂ ಹೇಳಲಾಗದು ಎಂದಿದ್ದರು. ಕಾರಿಡಾರಿನಲ್ಲಿ ಅಳಿಯ ನನ್ನ ಹಿಂದೆಯೇ ಬಂದ.

"ಅತ್ತೀ, ಇನ್ನೆರಡು ದಿನ ಇರಲೇನ್ರಿ?"

"ಇದ್ರ ಮನಿ ಹೋಗತದ ನೋಡ್ರಿ. ನಾ ಥ್ರೀ ಟೈಮ್ಸ್ ಚೆಕ್ ಮಾಡೀನಿ."

ಒಳಗಿನಿಂದ ಬೀಗತಿಯ ಕೂಗು ಬಂತು. "ಹೋಗೋ ಮೂಳಾ! ಕೀಲಿ ಕೈಗಿ ಬರೂತನಾ ನಾ ಸಾಯಾಂಗಿಲ್ಲ."

ಅವನು ಹೋದ. ಮೂರನೆಯ ದಿನ ಅವರು ತೀರಿಕೊಂಡರು.

ಅವನು ಮರಳಿ ಬರಲಿಲ್ಲ. ಬಂದರೆ ದಿನಗಳು ಮತ್ತೆ ಏರುತ್ತವೆ ಎಂದು ಫೋನಿನಲ್ಲಿ ಹೇಳಿದವಳು ನಾನೇ. ಊರ ಹೊರಗೆ, ದೌಲತಾಬಾದ್ ರಸ್ತೆಯ ಕಡೆ, ಅವರನ್ನು ಮಣ್ಣು ಮಾಡುವಾಗ ಮಗಳು ಮೊಬೈಲನ್ನು ಕುಣಿಯ ಮೇಲೆ ಹಿಡಿದಿದ್ದಳು. ಐದಾರು ಜನ ಮಲಗುವ ಕೋಣೆಯೊಂದರಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಅವನು, "ನನ್ನ ಪಾಲಿನ ಮಣ್ಣು ನೀವಽ ಹಾಕ್ರಿ ಅತ್ತೀ," ಎಂದ. ಹಾಕಿದೆ. ಆ ಮಣ್ಣು ಬೆಚ್ಚಗಿತ್ತು, ಅಂಗೈಯಿಂದ ಬೇಗ ಬೀಳಲೇ ಇಲ್ಲ.

ಜುಲೈನಲ್ಲಿ ಅವನು ಬಂದಾಗ ರಿಟರ್ನ್ ತುಂಬಲು ನಾವಿಬ್ಬರೂ ನಾಸಿಕ್‌ನ ಸಿಎ ಹತ್ತಿರ ಹೋದೆವು. ಸಿಎ ಹುಡುಗಿ ಪಾಸ್‌ಪೋರ್ಟಿನ ಸ್ಟ್ಯಾಂಪುಗಳ ಮೇಲೆ ಪೆನ್ಸಿಲ್ ಆಡಿಸಿದಳು. ನನ್ನ ಪಟ್ಟಿ ನೋಡಿದಳು. ಮತ್ತೆ ಸ್ಟ್ಯಾಂಪು ನೋಡಿದಳು.

"ಕಾಕೂ, ಯೇಣ್ಯಾಚಾ ದಿವಸ್ ಪಣ್ ಮೋಜಾಯ್ಚಾ, ಜಾಣ್ಯಾಚಾ ಪಣ್."

ಬಂದ ದಿನವನ್ನೂ ಎಣಿಸಬೇಕು, ಹೋದ ದಿನವನ್ನೂ. ಕಳೆಯುವ ಲೆಕ್ಕದಲ್ಲಿ ಪ್ರತಿ ಸಲ ಒಂದು ದಿನ ಬಿಟ್ಟುಹೋಗಿತ್ತು. ಮೂರು ಸಲಕ್ಕೆ ಮೂರು. ನೂರಾ ಎಂಬತ್ತಲ್ಲ, ನೂರಾ ಎಂಬತ್ಮೂರು. ಇಟ್ಟಂಗಿ ಹೊತ್ತವರಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಹೊಳೆಸಿದರೂ ನಕ್ಕಿದ್ದೆ. ನಾನು ಏನೇನೋ ಹೇಳತೊಡಗಿದೆ: ನಮಗೆ ಶಾಲೆಯಲ್ಲಿ ಸಿಸ್ಟರ್ ಹೀಗೇ ಕಲಿಸಿದ್ದು, ಯಾವ ಫಾರ್ಮಿನಲ್ಲೂ ಬರೆದಿರಲಿಲ್ಲ... ಆ ಹುಡುಗಿ ಪಾಪ, ನನ್ನ ಮುಂದೆ ನೀರಿನ ಗ್ಲಾಸು ಸರಿಸಿದಳು.

ತೆರಿಗೆಯ ಮೊತ್ತ ಕೇಳಿ ಅಳಿಯ ಸುಮ್ಮನೆ ತಲೆಯಾಡಿಸಿದ. ಫ್ಲ್ಯಾಟ್ ಬಿಡಬೇಕಾಗುತ್ತದೆಂದು ಇಬ್ಬರಿಗೂ ಅರ್ಥವಾಗಿತ್ತು. ಕೆಳಗೆ ಇಳಿದು ಸ್ಕೂಟರಿನ ಹತ್ತಿರ ನಿಂತ ಮೇಲೆ ಅವನು ಕೇಳಿದ.

"ಅಂದ್ರ ನಾ ಹೋಗೂಕಿಂತ ಮೊದಲಽ ದಾಟಿತ್ತೇನ್ರಿ?"

"ಹಿಂದಿನ ದಿನಾನಽ ದಾಟಿತ್ತು."

ಅವನು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಹಂಗಾದ್ರ ನಾ ಅವ್ವನ ಹತ್ರ ಇದ್ದಿದ್ರೂ ನಡೀತಿತ್ತಲ್ರಿ ಅತ್ತೀ?"

ಸುಳ್ಳು ಹೇಳಬಹುದಿತ್ತು. ಟ್ಯಾಕ್ಸ್, ರೂಲ್, ಡೇಟ್ ಎಂದು ಏನಾದರೂ ಇಂಗ್ಲಿಷಿನಲ್ಲಿ ಹೇಳಿದ್ದರೆ ಅವನು ನಂಬುತ್ತಿದ್ದ. ಆ ದಿನವೂ ನಂಬುತ್ತಿದ್ದ.

"ನಡೀತಿತ್ತು," ಎಂದೆ.

ಅವನು ಸ್ಕೂಟರ್ ಸ್ಟಾರ್ಟ್ ಮಾಡಿ, ನಾನು ಹತ್ತಲೆಂದು ಕಾದ. "ಕೂಡ್ರಿ," ಎಂದ, ಯಾವಾಗಲೂ ಹೇಳುವ ಹಾಗೆಯೇ. ಅವನ ಹೆಗಲು ಹಿಡಿದು ಕೂರುವುದು ನನ್ನಿಂದಾಗಲಿಲ್ಲ. ಮಾರ್ಕೆಟ್ಟಿನಲ್ಲಿ ಕೆಲಸವಿದೆ, ರಿಕ್ಷಾದಲ್ಲಿ ಬರುತ್ತೇನೆ ಎಂದು ಅಲ್ಲೇ ನಿಂತೆ.